ಪಸ್ಕದ ಪಂಕ್ತಿಗೆ ಕೂರುವ ಮುನ್ನ

ಯೆಹೂದ್ಯರ ಪಸ್ಕ ಹಬ್ಬ ಬರುವುದು ನೀಸಾನ್ ತಿಂಗಳ ಹುಣ್ಣಿಮೆಗೆ, ನಮ್ಮ ಪಂಚಾಂಗದಲ್ಲಿ ಸಾಮಾನ್ಯವಾಗಿ ಚೈತ್ರದ ಹುಣ್ಣಿಮೆಯ ಆಸುಪಾಸಿಗೆ. ಐಗುಪ್ತದ (ಈಜಿಪ್ಟಿನ) ಜೀತ ಕಳೆದ ರಾತ್ರಿಯನ್ನು ನೆನೆಯುವ ಆ ಊಟಕ್ಕೆ ಯಾರು ಕೂರಬಹುದು? ಬೈಬಲಿನ ವಿಮೋಚನಕಾಂಡದ 12ನೆಯ ಅಧ್ಯಾಯದ ಉತ್ತರ ಬಹಳ ಬಿಗಿ. ತಿಂಗಳ 10ನೆಯ ದಿನ ಊನವಿಲ್ಲದ ಮರಿಯನ್ನು ಆರಿಸಬೇಕು, 14ರ ಸಂಜೆಯವರೆಗೆ ಅದನ್ನು ಕಾಯ್ದಿಡಬೇಕು. ಸುನ್ನತಿಯಾಗದ ಗಂಡಸು ಅದನ್ನು ತಿನ್ನುವಂತಿಲ್ಲ. ಮನೆಯಲ್ಲಿ ಹುಳಿಹಿಟ್ಟಿನ ಸುಳಿವೂ ಇರಕೂಡದು.

ಇವೆಲ್ಲ ಹೊರಗಿನ ಸಿದ್ಧತೆ. ಒಳಗಿನ ಸಿದ್ಧತೆ ಎಂಥದ್ದು ಎನ್ನುವುದನ್ನು ತೋರಿಸಿಕೊಟ್ಟವರು ಹೆಸರೇ ಉಳಿಯದ ಕೆಲವು ಗಂಡಸರು. ಅವರ ಕಥೆ ಅರಣ್ಯಕಾಂಡದ 9ನೆಯ ಅಧ್ಯಾಯದಲ್ಲಿದೆ. ಐಗುಪ್ತ ಬಿಟ್ಟ ಎರಡನೆಯ ವರ್ಷ, ಸೀನಾಯಿ ಮರುಭೂಮಿಯಲ್ಲಿ ಇಸ್ರಾಯೇಲ್ ಜನ ಮೊದಲ ಬಾರಿಗೆ ಹಬ್ಬವನ್ನು ನೆನಪಿನ ಹಬ್ಬವಾಗಿ ಆಚರಿಸಲು ಹೊರಟಿದ್ದರು. ಶವ ಮುಟ್ಟಿ ಮೈಲಿಗೆಯಾಗಿದ್ದ ಕೆಲವರಿಗೆ ಮಾತ್ರ ಪಂಕ್ತಿಯಲ್ಲಿ ಜಾಗವಿರಲಿಲ್ಲ. ಕಾನೂನು ಅವರಿಗೂ ಗೊತ್ತಿತ್ತು. ಹಬ್ಬ ತಪ್ಪಿದರೆ ತಪ್ಪಿತು ಎಂದು ಡೇರೆಯಲ್ಲೇ ಕೂತಿದ್ದರೆ ಅವರನ್ನು ಯಾರೂ ದೂರುತ್ತಿರಲಿಲ್ಲ. ಅವರು ನೇರವಾಗಿ ತಮ್ಮ ನಾಯಕ ಮೋಶೆಯ ಬಳಿಗೆ ಹೋಗಿ, ನಮ್ಮನ್ನೇಕೆ ಹೊರಗಿಡುತ್ತೀರಿ ಎಂದು ಕೇಳಿದರು.

ಮೋಶೆಯ ಬಳಿ ಉತ್ತರವಿರಲಿಲ್ಲ. ಅವನು ಅವರನ್ನು ಕಾಯಲು ಹೇಳಿ ದೇವರನ್ನು ಕೇಳಿದ. ಆಗ ಬಂದ ಅಪ್ಪಣೆ ಧರ್ಮಶಾಸ್ತ್ರಗಳ ಚರಿತ್ರೆಯಲ್ಲೇ ಅಪರೂಪದ್ದು: ಮೈಲಿಗೆಯಾದವರು, ದೂರ ಪ್ರಯಾಣದಲ್ಲಿರುವವರು ಮುಂದಿನ ತಿಂಗಳ 14ನೆಯ ದಿನ ಹಬ್ಬ ಮಾಡಲಿ. ಅದೇ ಅಪ್ಪಣೆಯಲ್ಲಿ ಇನ್ನೊಂದು ಮಾತೂ ಇದೆ. ಯಾವ ಅಡ್ಡಿಯೂ ಇಲ್ಲದೆ, ಬರೀ ಉದಾಸೀನದಿಂದ ಹಬ್ಬ ಬಿಟ್ಟವನಿಗೆ ಕಠಿಣ ಶಿಕ್ಷೆ. ಅಶುದ್ಧನಾದರೂ ಹಂಬಲಿಸಿದವನಿಗೆ ಎರಡನೆಯ ಅವಕಾಶ, ಶುದ್ಧನಾಗಿದ್ದೂ ಹಂಬಲವಿಲ್ಲದವನಿಗೆ ಬಹಿಷ್ಕಾರ. ಪಸ್ಕದ ಆಧ್ಯಾತ್ಮಿಕ ಸಿದ್ಧತೆಯ ಬಗ್ಗೆ ಆಮೇಲೆ ಹುಟ್ಟಿದ ಚಿಂತನೆಗೆ ಈ ತೂಕವೂ ಒಂದು ಬುನಾದಿ.

ಅವರು ಯಾರ ಶವ ಮುಟ್ಟಿದ್ದರು? ಯೆಹೂದ್ಯರ ಶಾಸ್ತ್ರಗ್ರಂಥ ತಾಲ್ಮೂದಿನ ಪಂಡಿತರು ಈ ಪ್ರಶ್ನೆಯನ್ನು ಸುಮ್ಮನೆ ಬಿಡಲಿಲ್ಲ. ಐಗುಪ್ತದಲ್ಲಿ ಸತ್ತ ಪೂರ್ವಜ ಯೋಸೇಫನ ಅಸ್ಥಿಯ ಪೆಟ್ಟಿಗೆ ಹೊತ್ತವರು ಎಂದರು ಒಬ್ಬರು. ದಾರಿಯಲ್ಲಿ ಸಿಕ್ಕ ಅನಾಥ ಶವಕ್ಕೆ ಸಂಸ್ಕಾರ ಮಾಡಿದವರು ಎಂದರು ಮತ್ತೊಬ್ಬರು. ಎರಡು ಊಹೆಗಳೂ ಹೇಳುವುದು ಒಂದನ್ನೇ: ಆ ಮೈಲಿಗೆ ಪಾಪದಿಂದ ಬಂದದ್ದಲ್ಲ, ಯಾರೂ ಒಲ್ಲದ ಕೆಲಸಕ್ಕೆ ಹೆಗಲು ಕೊಟ್ಟದ್ದರಿಂದ ಬಂದದ್ದು.

ಕ್ರಿಸ್ತಪೂರ್ವ 8ನೆಯ ಶತಮಾನದ ಕೊನೆಯ ಹೊತ್ತಿಗೆ ಯೆರೂಸಲೇಮಿನ ಅರಸ ಹಿಜ್ಕೀಯನಿಗೆ ಇದೇ ಸಮಸ್ಯೆ ಇಡೀ ಜನಾಂಗದ ಮಟ್ಟದಲ್ಲಿ ಎದುರಾಯಿತು. ಯಾಜಕರೇ ಶುದ್ಧರಾಗಿರಲಿಲ್ಲ, ಜನರೂ ಬಂದು ಸೇರಿರಲಿಲ್ಲ. ಅರಸ ಹಬ್ಬವನ್ನು ಎರಡನೆಯ ತಿಂಗಳಿಗೆ ಮುಂದೂಡಿ ಬೇರ್ಷೆಬದಿಂದ ದಾನಿನವರೆಗೆ ಓಲೆಕಾರರನ್ನು ಅಟ್ಟಿದ. ಉತ್ತರದ ಊರುಗಳಲ್ಲಿ ಹೆಚ್ಚಿನವರು ಅವರನ್ನು ನೋಡಿ ನಕ್ಕರು. ತಲೆಬಾಗಿ ಹೊರಟುಬಂದವರಲ್ಲಿ ಎಫ್ರಾಯೀಮ್, ಮನಸ್ಸೆ, ಇಸ್ಸಾಕಾರ್, ಜೆಬುಲೂನ್ ಕುಲಗಳ ಅನೇಕರು ಶುದ್ಧಿಯನ್ನೇ ಮಾಡಿಕೊಳ್ಳದೆ ಊಟಕ್ಕೆ ಕೂತುಬಿಟ್ಟರು. ಹಿಜ್ಕೀಯ ಅವರನ್ನು ಎಬ್ಬಿಸಲಿಲ್ಲ. ವಿಧಿ ತಪ್ಪಿದ್ದರೂ ದೇವರನ್ನು ಅರಸಲು ಮನಸ್ಸು ಮಾಡಿ ಬಂದವರನ್ನು ಕ್ಷಮಿಸು ಎಂದು ಪ್ರಾರ್ಥಿಸಿದ. ಪ್ರಾರ್ಥನೆಗೆ ದೇವರು ಕಿವಿಗೊಟ್ಟನೆಂದು ಪೂರ್ವಕಾಲವೃತ್ತಾಂತ ಹೇಳುತ್ತದೆ. ನಾಚಿದವರೆಂದರೆ ಯಾಜಕರು. ನಾಚಿ, ತಮ್ಮನ್ನು ಶುದ್ಧಿ ಮಾಡಿಕೊಂಡರು.

ಇದರ ತದ್ವಿರುದ್ಧ ಚಿತ್ರ ಯೋಹಾನನ ಸುವಾರ್ತೆಯಲ್ಲಿದೆ. ಯೇಸುವನ್ನು ರೋಮನ್ ಅಧಿಪತಿ ಪಿಲಾತನಿಗೆ ಒಪ್ಪಿಸಲು ಬಂದವರು ಅವನ ಭವನದ ಹೊಸ್ತಿಲು ದಾಟಲಿಲ್ಲ. ಒಳಗೆ ಹೋದರೆ ಮೈಲಿಗೆಯಾಗಿ ಪಸ್ಕದೂಟ ತಪ್ಪೀತೆಂಬ ಭಯ. ಒಬ್ಬನನ್ನು ಸಾವಿಗೆ ದೂಡುವಾಗಲೂ ಹೊಸ್ತಿಲಿನ ಶುದ್ಧಿ ಕಾಯ್ದುಕೊಂಡವರು ಅವರು. ಈ ವಾಕ್ಯವನ್ನು ಮುಂದೆ ಯೆಹೂದ್ಯ ಜನಾಂಗದ ಮೇಲೆಯೇ ದ್ವೇಷ ಕಾರಲು ಬಳಸಿದ್ದು ದೊಡ್ಡ ಅನ್ಯಾಯ. ಶುದ್ಧಿಯ ನೆಪದಲ್ಲಿ ಮನುಷ್ಯನನ್ನು ಮರೆಯುವ ಕಾಯಿಲೆ ಎಲ್ಲ ಧರ್ಮಗಳಲ್ಲೂ ಇದೆ. ಪಂಕ್ತಿಭೇದ ಕಂಡ ನಾಡಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ರಿಸ್ತಶಕ 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಕುರಿಮರಿಯ ಬಲಿ ನಿಂತಿತು. ಹಬ್ಬ ಮನೆಯ ಊಟದ ಮೇಜಿಗೆ ಬಂತು, ಸಿದ್ಧತೆಯೂ ಮನೆಯೊಳಗೆ ಬಂತು. ಹಬ್ಬದ ಮುನ್ನಾ ರಾತ್ರಿ ಮನೆಯವರೆಲ್ಲ ದೀಪ ಹಚ್ಚಿಕೊಂಡು, ಕೈಯಲ್ಲಿ ಗರಿಯೊಂದನ್ನು ಹಿಡಿದು, ಮೂಲೆ ಮೂಲೆಯಲ್ಲಿ ಹುಳಿ ಪದಾರ್ಥದ ಚೂರುಗಳನ್ನು ಹುಡುಕುತ್ತಾರೆ. ಹುಡುಕಾಟ ಹುಸಿಯಾಗದಿರಲೆಂದು ಮೊದಲೇ 10 ರೊಟ್ಟಿಚೂರುಗಳನ್ನು ಬಚ್ಚಿಡುವ ವಾಡಿಕೆ ಅನೇಕ ಮನೆಗಳಲ್ಲಿದೆ. ಸಿಕ್ಕದ್ದನ್ನು ಬೆಳಿಗ್ಗೆ ಸುಡುತ್ತಾರೆ. ಕಣ್ಣಿಗೆ ಬೀಳದೆ ಉಳಿದದ್ದಕ್ಕೆ ಒಂದು ಘೋಷಣೆಯಿದೆ: ಅದು ಇನ್ನು ನನ್ನದಲ್ಲ, ನೆಲದ ಧೂಳಿಗೆ ಸಮ. ಈ ಘೋಷಣೆ ಅರ್ಥವಾಗದವನು ತನ್ನ ತಾಯ್ನುಡಿಯಲ್ಲೇ ಹೇಳಲಿ ಎನ್ನುತ್ತಾರೆ ಶಾಸ್ತ್ರಕಾರರು. ಬಾಯಿ ಹೇಳಿದ್ದನ್ನು ಮನಸ್ಸು ಬಿಟ್ಟುಕೊಡದಿದ್ದರೆ ಮನೆ ಗುಡಿಸಿ ಫಲವಿಲ್ಲ. ಉಬ್ಬಿದ ಹಿಟ್ಟನ್ನು ಉಬ್ಬಿದ ಅಹಂಕಾರವೆಂದು ಕಾಣುವ ವ್ಯಾಖ್ಯಾನಗಳು ಬೇರೂರಿದ್ದು ಇಲ್ಲಿಯೇ.

ಆದರೆ ತನ್ನ ಮನಸ್ಸನ್ನಷ್ಟೇ ಕೆದಕುತ್ತ ಕೂತರೆ ಅದೂ ಅರೆಬರೆ ಸಿದ್ಧತೆ. ಯೆರೂಸಲೇಮ್ ತಾಲ್ಮೂದ್ ಪಸ್ಕದ ಗೋಧಿಯ ನಿಧಿಯ ಬಗ್ಗೆ ಹೇಳುತ್ತದೆ. ಊರಿನಲ್ಲಿ 12 ತಿಂಗಳು ವಾಸವಾದವನು ಅದಕ್ಕೆ ಕೊಡಲು ಬಾಧ್ಯ, ಬಡವನಾದರೆ ಪಡೆಯಲು ಹಕ್ಕುದಾರ. ತಾಲ್ಮೂದಿನ ತಳಹದಿಯಾದ ಮಿಶ್ನಾದ ಪ್ರಕಾರ ಕಡುಬಡವನೂ ಆ ರಾತ್ರಿ ಒರಗಿ ಕೂತು ಉಣ್ಣಬೇಕು, ಅವನಿಗೂ 4 ಬಟ್ಟಲು ದ್ರಾಕ್ಷಾರಸಕ್ಕೆ ಕಡಿಮೆಯಾಗಬಾರದು. 12ನೆಯ ಶತಮಾನದ ಯೆಹೂದ್ಯ ಶಾಸ್ತ್ರಕಾರ ಮೈಮೊನಿಡೀಸ್ ಇನ್ನೂ ನಿಷ್ಠುರ: ಬಾಗಿಲು ಹಾಕಿಕೊಂಡು ತನ್ನವರೊಡನೆ ಮಾತ್ರ ಹಬ್ಬದೂಟ ಉಣ್ಣುವವನದು ಧರ್ಮದ ಸಂತೋಷವಲ್ಲ, ಹೊಟ್ಟೆಯ ಸಂತೋಷ.

ಅಪೊಸ್ತಲ ಪೌಲ ಕೊರಿಂಥದ ಕ್ರೈಸ್ತರಿಗೆ ಬರೆದದ್ದೂ ಇದನ್ನೇ. ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನಕ್ಕೆ ಮುಂಚೆ ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಳ್ಳಲಿ ಎಂಬ ಅವನ ಸೂಚನೆ ಕನ್ನಡ ಸಭೆಗಳಲ್ಲಿಯೂ ಪರಿಚಿತ. ಅದನ್ನು ಕೇಳಿದವರು ತಂತಮ್ಮ ಗುಟ್ಟಿನ ಪಾಪಗಳನ್ನು ನೆನೆಯುತ್ತಾರೆ, ಕೆಲವರು ಹೆದರಿ ಹಿಂದೆ ಸರಿಯುತ್ತಾರೆ. ಅಧ್ಯಾಯವನ್ನು ಮೊದಲಿನಿಂದ ಓದಿದರೆ ಪೌಲನ ಸಿಟ್ಟಿನ ಕಾರಣ ಕಾಣುತ್ತದೆ. ಉಳ್ಳವರು ಮೊದಲೇ ತಿಂದು ಕುಡಿದು ಅಮಲೇರಿದ್ದರು, ಇಲ್ಲದವರು ಹಸಿದು ಕೂತಿದ್ದರು. ಅವನು ಕೇಳಿದ ಪರೀಕ್ಷೆಯಲ್ಲಿ ಪಕ್ಕದವನ ತಟ್ಟೆಯೂ ಸೇರಿತ್ತು.

ಕರ್ನಾಟಕದಲ್ಲಿ ಇದಕ್ಕೊಂದು ಜೀವಂತ ನಿದರ್ಶನವಿದೆ. 1999ರಲ್ಲಿ ಕೇರಳದ ಸೀರೋ ಮಲಬಾರ್ ಸಭೆಯ ಧರ್ಮಪ್ರಾಂತ್ಯವಾದ ಬೆಳ್ತಂಗಡಿಯ ಸುತ್ತ ಕೇರಳ ಮೂಲದ ಕ್ರೈಸ್ತ ಕುಟುಂಬಗಳು ನೆಲೆಸಿವೆ. ಈ ಸಮುದಾಯದ ಮನೆಗಳಲ್ಲಿ ಪವಿತ್ರ ಗುರುವಾರದ ರಾತ್ರಿ ಹುದುಗಿಸದ ಅಕ್ಕಿಹಿಟ್ಟಿನ ಪೆಸಹ (ಪಸ್ಕ) ಅಪ್ಪ ಬೇಯುತ್ತದೆ. ಮನೆಯ ಹಿರಿಯರು ಅದನ್ನು ಮುರಿದು ಹಂಚುತ್ತಾರೆ. ಆ ವರ್ಷ ಸಾವಾದ ಮನೆಯಲ್ಲಿ ಅಪ್ಪ ಮಾಡುವಂತಿಲ್ಲ ಎಂಬುದು ಸಂಪ್ರದಾಯ. ಹಾಗೆಂದು ಆ ಮನೆ ಉಪವಾಸವಿರುವುದಿಲ್ಲ, ನೆರೆಹೊರೆಯವರು ತಂದುಕೊಡುತ್ತಾರೆ. ಸೀನಾಯಿಯ ಆ ಗಂಡಸರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದು ಕಷ್ಟ.

ಬಯಸಿದರೂ ವಿಧಿ ಪಾಲಿಸಲಾಗದ ಪಂಕ್ತಿ ಇನ್ನೊಂದಿತ್ತು. 1944ರ ಪಸ್ಕದಲ್ಲಿ ನಾತ್ಸಿ ಜರ್ಮನಿಯ ಬೆರ್ಗೆನ್-ಬೆಲ್ಸೆನ್ ಶಿಬಿರದ ಯೆಹೂದ್ಯ ಕೈದಿಗಳ ಬಳಿ ಹುಳಿಯಿಲ್ಲದ ರೊಟ್ಟಿ ಇರಲಿಲ್ಲ. ಸಿಗುತ್ತಿದ್ದದ್ದು ನಿಷಿದ್ಧ ರೊಟ್ಟಿ ಮಾತ್ರ, ಅದನ್ನು ಬಿಟ್ಟರೆ ಸಾವು. ಶಿಬಿರದಲ್ಲಿದ್ದ ರಬ್ಬಿಗಳು, ಅಂದರೆ ಯೆಹೂದ್ಯ ಧರ್ಮಗುರುಗಳು, ತಿನ್ನಿರಿ ಎಂದರು, ತಿನ್ನುವ ಮೊದಲು ಹೇಳಲು ಒಂದು ಪುಟ್ಟ ಪ್ರಾರ್ಥನೆಯನ್ನೂ ರಚಿಸಿಕೊಟ್ಟರು. ಆಜ್ಞೆ ಪಾಲಿಸಲು ನಾವು ಸಿದ್ಧರಿದ್ದೇವೆ, ಸೆರೆ ನಮ್ಮನ್ನು ತಡೆದಿದೆ, ಬದುಕಿ ಉಳಿಯಬೇಕೆಂಬ ನಿನ್ನ ಇನ್ನೊಂದು ಆಜ್ಞೆಯನ್ನು ಈಗ ಪಾಲಿಸುತ್ತಿದ್ದೇವೆ ಎಂಬುದು ಅದರ ತಾತ್ಪರ್ಯ. ಪಸ್ಕದ ಚರಿತ್ರೆಯಲ್ಲಿ ಅವರಿಗಿಂತ ಸಿದ್ಧರಾಗಿ ಊಟಕ್ಕೆ ಕೂತವರು ಬಹಳ ಮಂದಿ ಇರಲಾರರು.

ಪಸ್ಕವನ್ನಾಗಲಿ ಕರ್ತನ ಭೋಜನವನ್ನಾಗಲಿ ಆಚರಿಸುವವರು, ತಾನು ಯೋಗ್ಯನಲ್ಲ ಎಂಬ ಅಳುಕಿನಿಂದ ದೂರ ನಿಲ್ಲುವ ಮೊದಲು ಅರಣ್ಯಕಾಂಡದ ಆ ಹದಿನಾಲ್ಕು ವಾಕ್ಯಗಳನ್ನು ಓದಲಿ. ಓದಿ, ತಮ್ಮ ಬೀದಿಯಲ್ಲಿ ಈ ಸಲ ಹಬ್ಬದಿಂದ ಹೊರಗುಳಿದವರು ಯಾರಿದ್ದಾರೆಂದು ವಿಚಾರಿಸಿ ಅವರನ್ನೂ ಕರೆತರಲಿ.