ಸಹಿ ಹಾಕುವ ಮುಂಚೆ ಕನ್ನಡದಲ್ಲಿ ಕೇಳಿ

(ಕನ್ನಡ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸು ಸೇರಿದವನು. ಮದುವೆ ಕಾರ್ಡು, ಬಿಲ್ ಬುಕ್ಕು, ನಿಮ್ಮ ಸಂಘಗಳ ಕರಪತ್ರ, ತಿಥಿ ಕಾರ್ಡು ಇವೇ ನನ್ನ ಕಸುಬು. ಇವತ್ತು ನಿಮ್ಮ ಮುಂದೆ ನಿಂತಿರುವುದೂ ಒಂದು ತಿಥಿ ಕಾರ್ಡಿನ ದೆಸೆಯಿಂದ.

2024ರ ಕೊನೆಯಲ್ಲಿ ಮಾಗಡಿ ಕಡೆಯ ಹೆಣ್ಣುಮಗಳೊಬ್ಬಳು ತಮ್ಮನನ್ನು ಕರೆದುಕೊಂಡು ಪ್ರೆಸ್ಸಿಗೆ ಬಂದಳು. ಗಂಡನಿಗೆ ಇಪ್ಪತ್ತೈದು ವರ್ಷ. ಬೆಂಗಳೂರಿನ ಗೋದಾಮೊಂದರಲ್ಲಿ ಸರಕು ಸಾಗಿಸುವ ಲಿಫ್ಟು ಕಳಚಿ ಬಿದ್ದು ತೀರಿಕೊಂಡಿದ್ದ. ಕಾರ್ಡಿಗೆ ಫೋಟೋ ಹುಡುಕಲು ಆಕೆ ಚೀಲ ಬಿಡಿಸಿದಾಗ ಒಂದು ಛಾಪಾ ಕಾಗದ ಜಾರಿ ನನ್ನ ಮೇಜಿನ ಮೇಲೆ ಬಿತ್ತು. ಅಷ್ಟೂ ಇಂಗ್ಲಿಷು. ಕೆಳಗೆ ಮಾತ್ರ ಕನ್ನಡ, ಆಕೆಯ ಸಹಿ, ಒಂದೊಂದೇ ಅಕ್ಷರ ಕೂಡಿಸಿ ಬರೆದದ್ದು.

"ಇದೇನಮ್ಮ?" ಅಂದೆ.

"ದುಡ್ಡು ಕೊಟ್ಟಿದ್ದಕ್ಕೆ ರಸೀದಿ ಅಂದ್ರು ಅಣ್ಣ."

ರಸೀದಿಯಲ್ಲ ಸ್ವಾಮಿ! ಒಂದೂವರೆ ಲಕ್ಷ ರೂಪಾಯಿ ಪಡೆದಿದ್ದೇನೆ, ಇನ್ನು ಮುಂದೆ ಕಂಟ್ರಾಕ್ಟರ ಮೇಲಾಗಲಿ ಗೋದಾಮಿನ ಕಂಪನಿ ಮೇಲಾಗಲಿ ನನಗೆ ಯಾವ ಹಕ್ಕೂ ಇಲ್ಲ ಎಂದು ಬರೆದಿತ್ತು. ಗಂಡ ಸತ್ತ ಐದನೇ ದಿನ, ಮನೆಯಲ್ಲಿ ಸೂತಕ ಇರುವಾಗಲೇ ಬರೆಸಿಕೊಂಡಿದ್ದರು.

ಈಗ ಕಾನೂನು ಏನು ಹೇಳುತ್ತದೆ, ಕೇಳಿ. 1923ರ ಕಾಯ್ದೆ ಅದು, ಬ್ರಿಟಿಷರ ಕಾಲದ್ದು. ಕೆಲಸದ ಕಾರಣದಿಂದ ಕಾರ್ಮಿಕ ಸತ್ತರೆ, ತಿಂಗಳ ಸಂಬಳದ ಅರ್ಧವನ್ನು ಅವನ ವಯಸ್ಸಿಗೆ ನಿಗದಿ ಮಾಡಿದ ಅಂಕಿಯಿಂದ ಗುಣಿಸಿ ಕೊಡಬೇಕು. ಇಪ್ಪತ್ತೈದು ವರ್ಷಕ್ಕೆ ಆ ಅಂಕಿ 216.91. ಆ ಹುಡುಗನ ಸಂಬಳ 15,000. ಅರ್ಧ ಅಂದರೆ 7,500. ಜೇಬಿನಲ್ಲಿ ಫೋನಿದೆಯಲ್ಲ, ಗುಣಿಸಿ ನೋಡಿ. 16,26,825 ರೂಪಾಯಿ! ಕೈಗಿಟ್ಟದ್ದು ಅದರಲ್ಲಿ ಹತ್ತನೇ ಒಂದು ಪಾಲೂ ಇಲ್ಲ.

ಇನ್ನೂ ಕೇಳಿ. ಸಾವಿನ ಪರಿಹಾರವನ್ನು ಮಾಲೀಕ ಹೆಂಡತಿಯ ಕೈಗೆ ನೇರವಾಗಿ ಕೊಡುವಂತೆಯೇ ಇರಲಿಲ್ಲ. ಆಯುಕ್ತರ ಬಳಿ ಠೇವಣಿ ಇಡಬೇಕು, ಹೆಂಡತಿಗೆಷ್ಟು, ಮಗುವಿಗೆಷ್ಟು, ತಾಯಿಗೆಷ್ಟು ಎಂದು ಅವರು ಹಂಚಬೇಕು. ಮೂರು ತಿಂಗಳ ಸಂಬಳದಷ್ಟು ಮುಂಗಡ ಕೊಡಬಹುದು, ಅಷ್ಟೆ. ಅದಕ್ಕಿಂತ ಹೆಚ್ಚು ಕೈಗೆ ಕೊಟ್ಟಿದ್ದನ್ನು ಕಾನೂನು ಪರಿಹಾರ ಎಂದು ಒಪ್ಪುವುದಿಲ್ಲ. ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕರಾರು ಕೂಡ ಊರ್ಜಿತವಲ್ಲ. ಅಂದರೆ ಆ ಛಾಪಾ ಕಾಗದಕ್ಕೆ ಬೆಲೆಯೇ ಇರಲಿಲ್ಲ. ಆದರೆ ಆಕೆಗೆ ಅದು ಗೊತ್ತಿರಲಿಲ್ಲ. ಗೊತ್ತಾಗಬಾರದು ಅಂತಲೇ ಇಂಗ್ಲಿಷು!

ಇಲ್ಲಿಗೆ ಬಂತು ನೋಡಿ ನಮ್ಮ ಕನ್ನಡದ ಮಾತು. 2017ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದರು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಮಾಲೀಕ ಪರಿಹಾರದ ಹಕ್ಕನ್ನು ಕಾರ್ಮಿಕನಿಗೆ ಬರಹದಲ್ಲಿ ತಿಳಿಸಬೇಕು; ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಆ ಪ್ರದೇಶದ ಅಧಿಕೃತ ಭಾಷೆಯಲ್ಲೋ, ಅವನಿಗೆ ಅರ್ಥವಾಗುವಂತೆ. ತಪ್ಪಿದರೆ 50 ಸಾವಿರಕ್ಕೆ ಕಡಿಮೆಯಿಲ್ಲದ, ಒಂದು ಲಕ್ಷದವರೆಗಿನ ದಂಡ ಎಂದು ಆ ಕಾಯ್ದೆಯಲ್ಲಿತ್ತು. ನಮ್ಮ ಭಾಷೆಯನ್ನು ಕೊನೆಯಲ್ಲಿ ಕೂರಿಸಿದ್ದಾರೆ, ಇರಲಿ. ಬಿಹಾರದ ಹುಡುಗನಿಗೆ ಹಿಂದಿಯಲ್ಲಿ ಕೊಡಲಿ, ನನ್ನ ತಕರಾರಿಲ್ಲ, ಅವನ ಹೆಂಡತಿಯೂ ಹೆಂಡತಿಯೇ. ಮಾಗಡಿಯ ಹುಡುಗನಿಗೆ ಕನ್ನಡದಲ್ಲಿ ಕೊಡಲು ಏನು ಧಾಡಿ? ನಿಮ್ಮಲ್ಲಿ ಕೆಲಸಕ್ಕೆ ಹೋಗುವವರು ಕೈ ಎತ್ತಿ. ಅಂಥ ಕಾಗದ ಯಾರಿಗೆ ಸಿಕ್ಕಿದೆ?

ಒಂದು ನಿಜ ಹೇಳಿಬಿಡುತ್ತೇನೆ. ನಾನೂ ಮಾಲೀಕನೇ. ನನ್ನ ಬಳಿ ನಾಲ್ಕು ಹುಡುಗರಿದ್ದಾರೆ, ಕಟಿಂಗ್ ಮಿಷನ್ ಇದೆ. ಊರಿಗೆಲ್ಲ ಕನ್ನಡದಲ್ಲಿ ಅಚ್ಚು ಹಾಕುವ ನಾನು, ಆ ಹೆಣ್ಣುಮಗಳು ಬಂದ ದಿನದವರೆಗೆ ನನ್ನ ಹುಡುಗರಿಗೆ ಒಂದು ಸಾಲೂ ಬರೆದುಕೊಟ್ಟಿರಲಿಲ್ಲ. ಆ ವಾರವೇ ಒಂದು ಪುಟ ಅಚ್ಚು ಹಾಕಿ ಕೊಟ್ಟೆ. ವಿಮೆಯನ್ನೂ ಮಾಡಿಸಿದೆ, ಇದಕ್ಕೆಂದೇ ಪಾಲಿಸಿ ಸಿಗುತ್ತದೆ. "ಸಣ್ಣ ಮಾಲೀಕ ಎಲ್ಲಿಂದ ಹದಿನಾರು ಲಕ್ಷ ತರಲಿ?" ಎನ್ನುವವರಿಗೆ ಇದೇ ನನ್ನ ಉತ್ತರ.

2025ರ ನವೆಂಬರ್ 21ರಿಂದ ಹಳೇ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮಾಲೀಕನ ಹೊಣೆ, ಅರ್ಧ ಸಂಬಳದ ಲೆಕ್ಕ ಅದರಲ್ಲೂ ಇದೆ. ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತ, ಕೆಲಸಕ್ಕೆ ಸಂಬಂಧಪಟ್ಟದ್ದಾದರೆ, ಅದೂ ಸೇರಿದೆ. ಇ.ಎಸ್.ಐ. ಇರುವ ಕಡೆ ದಾರಿ ಬೇರೆ: ಅಲ್ಲಿ ಹೆಂಡತಿ ಮಕ್ಕಳಿಗೆ ತಿಂಗಳು ತಿಂಗಳು ಹಣ ಬರುತ್ತದೆ. ಪಿ.ಎಫ್. ಇದ್ದರೆ ಅದರ ಜೊತೆ ವಿಮೆಯೂ ಉಂಟು, ಕೇಳದೆ ಬಿಡಬೇಡಿ. ಬೈಕಿನಲ್ಲಿ ಊಟ, ಸಾಮಾನು ತಲುಪಿಸುವ ಹುಡುಗರಿಗೆ 2023ರಲ್ಲಿ ನಮ್ಮ ರಾಜ್ಯ ಸರ್ಕಾರ ನಾಲ್ಕು ಲಕ್ಷದ ವಿಮಾ ಯೋಜನೆ ಪ್ರಕಟಿಸಿತು. ನಿಮ್ಮ ಬೀದಿಯ ಹುಡುಗರು ಹೆಸರು ಬರೆಸಿದ್ದಾರಾ, ವಿಚಾರಿಸಿ.

ಸಾವಾದ ಮನೆಗೆ ನೀವು ಹೋಗುತ್ತೀರಿ. ಹೆಗಲು ಕೊಡುತ್ತೀರಿ, ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟುತ್ತೀರಿ. ಅದರ ಜೊತೆಗೆ ಎಫ್‌.ಐ.ಆರ್. ಪ್ರತಿ ತೆಗೆದಿಡಿ, ಮರಣೋತ್ತರ ಪರೀಕ್ಷೆಯ ವರದಿ ತೆಗೆದಿಡಿ, ಸಂಬಳ ಬಂದ ಬ್ಯಾಂಕ್ ಪಾಸ್‌ಬುಕ್ ಹುಡುಕಿ. ಅವನ ಫೋನು ಯಾರ ಕೈಗೂ ಹೋಗದಂತೆ ನೋಡಿಕೊಳ್ಳಿ. ಆ ಹುಡುಗನ ಫೋನಿನಲ್ಲಿ "ನಾಳೆ ಏಳಕ್ಕೇ ಬಾ, ಲೋಡ್ ಇದೆ" ಎಂದು ಮೇಸ್ತ್ರಿ ಕಳಿಸಿದ ಸಂದೇಶ ಸಿಕ್ಕಿತು. ಈಗ ಅದೇ ದೊಡ್ಡ ಸಾಕ್ಷಿ. ಯಾಕೆಂದರೆ ಕಂಪನಿಯವರು "ಅವನು ನಮ್ಮ ನೌಕರನೇ ಅಲ್ಲ" ಎಂದು ಆಕ್ಷೇಪಣೆ ಹಾಕಿದ್ದಾರೆ. ಕಂಟ್ರಾಕ್ಟರ ಕೈಕೆಳಗಿನವನು ಸತ್ತರೂ, ಕೆಲಸ ಕಂಪನಿಯ ಕಸುಬಿನದೇ ಆದರೆ ಕಂಪನಿಯೂ ಹೊಣೆ ಎಂದು ಅದೇ 1923ರ ಕಾಯ್ದೆಯಲ್ಲಿದೆ. ತಡ ಮಾಡಿದ್ದಕ್ಕೆ ವರ್ಷಕ್ಕೆ ಶೇಕಡ 12ರ ಬಡ್ಡಿಯನ್ನೂ ಕೇಳಿದ್ದೇವೆ.

ಅರ್ಜಿಗೆ ಎರಡು ವರ್ಷದ ಗಡುವಿದೆ, ಅದರೊಳಗೇ ಹಾಕಿಸಿದೆವು. ವಕೀಲರ ಖರ್ಚಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ಅರ್ಜಿ ಕನ್ನಡದಲ್ಲೇ ಇದೆ, ನಾನೇ ಕಂಪೋಸ್ ಮಾಡಿದ್ದು. ಪ್ರತಿ ಪುಟವನ್ನೂ ಆಕೆ ಬೆರಳಿಟ್ಟು ಓದಿ, ಎರಡು ಕಡೆ ತಪ್ಪು ತಿದ್ದಿಸಿ, ಆಮೇಲೆ ಸಹಿ ಹಾಕಿದಳು.

ಮುಂದಿನ ವಾಯಿದೆ ಬರುವ ಸೋಮವಾರ. ಕಳೆದ ಸಲ ಕಂಪನಿ ಕಡೆಯವರು ಆರು ಜನ ಇದ್ದರು, ಈ ಕಡೆ ಆಕೆ, ತಮ್ಮ, ನಾನು. ಬರುವವರು ಬೆಳಿಗ್ಗೆ ಒಂಬತ್ತಕ್ಕೆ ಪ್ರೆಸ್ಸಿನ ಹತ್ತಿರ ಬನ್ನಿ. ಘೋಷಣೆ ಬೇಡ, ಬಾವುಟ ಬೇಡ. ಸುಮ್ಮನೆ ಆಕೆಯ ಹಿಂದಿನ ಬೆಂಚಿನಲ್ಲಿ ಕೂತಿರಿ.