ಎರರ್ ಬರದ ತಪ್ಪುಗಳು: ಲೇಟೆಕ್‌ನಲ್ಲಿ ಥೀಸಿಸ್ ಬರೆಯುವವರಿಗೆ

ಇವತ್ತು ಲೇಟೆಕ್ ಬಗ್ಗೆ ಮಾತಾಡೋಣ. ಕೈಗವಸಿನ ಲೇಟೆಕ್ಸ್ ಅಲ್ಲ, ಥೀಸಿಸ್, ಪೇಪರ್ ಬರೆಯೋಕೆ ಬಳಸ್ತೀವಲ್ಲ, ಅದು. ಪುಣೆ, ಚೆನ್ನೈ, ಹೈದರಾಬಾದ್ ಕಡೆ ಎಂಟೆಕ್, ಪಿಎಚ್‌ಡಿ ಮಾಡ್ತಿರೋ ನಮ್ಮವರು ಕೆಲವರು ಈಗಲೂ ಅದರ ಜೊತೆ ಗುದ್ದಾಡ್ತಾ ಇರಬಹುದು. ಇನ್‌ಸ್ಟಾಲ್ ಮಾಡೋದು ಹೇಗೆ ಅಂತ ನಾನು ಹೇಳಲ್ಲ, ಅದಕ್ಕೆ ಬೇಕಾದಷ್ಟು ವಿಡಿಯೊಗಳಿವೆ. ಎರರ್ ಬಂದರೆ ಹುಡುಕಿ ಸರಿಮಾಡ್ಕೋಬಹುದು. ಎರರ್ ಬರದೇ, ಪಿಡಿಎಫ್ ಅಚ್ಚುಕಟ್ಟಾಗಿ ಬಂದು, ಒಳಗೆ ಮಾತ್ರ ತಪ್ಪಿರುತ್ತಲ್ಲ, ಅದು ಅಪಾಯ. ಎರಡು ಸಲ ನಾನೇ ಪೆಟ್ಟು ತಿಂದಿದ್ದೀನಿ.

ಮೊದಲನೆಯದು ಎಂಟೆಕ್ ವೈವಾದಲ್ಲಿ. ಎಕ್ಸಾಮಿನರ್ ಪುಟ ತಿರುಗಿಸಿ ಕೇಳಿದರು: "ಚಿತ್ರ 4.2ರಲ್ಲಿ ರನ್‌ಟೈಮ್ ಇಳಿಯುತ್ತೆ ಅಂತ ಬರೆದಿದ್ದೀರಿ. ಇಲ್ಲಿ ಏರ್ತಾ ಇದೆಯಲ್ಲ?" ನೋಡಿದೆ. ನಿಜವಾಗಿಯೂ ಏರ್ತಾ ಇತ್ತು! ನಾನು ಹೇಳಬೇಕಾಗಿದ್ದದ್ದು 4.3ನೇ ಚಿತ್ರದ ಮಾತು. ಅಲ್ಲೇ ನಿಂತು ಬೆವತುಹೋದೆ.

ಆಗಿದ್ದೇನು ಅಂದ್ರೆ, ಚಿತ್ರದ ಒಳಗೆ ಬ್ಯಾಕ್‌ಸ್ಲ್ಯಾಶ್ ಲೇಬಲ್ ಅನ್ನು ಕ್ಯಾಪ್ಷನ್‌ಗಿಂತ ಮೊದಲು ಬರೆದಿದ್ದೆ. ಚಿತ್ರಕ್ಕೆ ನಂಬರ್ ಕೊಡೋದು ಕ್ಯಾಪ್ಷನ್ ಕಮಾಂಡ್. ಅದಕ್ಕಿಂತ ಮುಂಚೆ ಲೇಬಲ್ ಹಾಕಿದರೆ, ಹಿಂದೆ ಯಾವುದಕ್ಕೆ ನಂಬರ್ ಬಿದ್ದಿದೆಯೋ ಅದನ್ನೇ ಅದು ಹಿಡ್ಕೊಳ್ಳುತ್ತೆ. ನನ್ನ ವಿಷಯದಲ್ಲಿ ಅದು ಸೆಕ್ಷನ್ ನಂಬರ್, 4.2. ಆ ಸೆಕ್ಷನ್‌ನ ಮೂರೂ ಚಿತ್ರಗಳನ್ನ ನಾನು 4.2 ಅಂತಲೇ ಕರೆದಿದ್ದೆ! ಗ್ರಹಚಾರಕ್ಕೆ 4.2 ಅನ್ನೋ ಚಿತ್ರ ಒಂದು ನಿಜವಾಗಿ ಇತ್ತು, ಹಾಗಾಗಿ ಗೈಡ್‌ಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ರೆಫರೆನ್ಸ್ ಜಾಗದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ಬಂದರೆ ಭಯಪಡಬೇಡಿ, ಇನ್ನೊಂದು ಸಲ ಕಂಪೈಲ್ ಮಾಡಿದರೆ ಸಾಮಾನ್ಯವಾಗಿ ಹೋಗುತ್ತೆ. ಹೆದರಬೇಕಾದ್ದು ನಂಬರ್ ಸರಿಯಿದ್ದ ಹಾಗೆ ಕಾಣೋದಕ್ಕೆ.

ಹಾಗಾಗಿ ಕ್ಯಾಪ್ಷನ್ ಮೊದಲು, ಲೇಬಲ್ ಆಮೇಲೆ. ಜೊತೆಗೆ ಕ್ಲೆವರ್‌ರೆಫ್ ಪ್ಯಾಕೇಜ್ ಬಳಸಿ, ಹೈಪರ್‌ರೆಫ್ ಆದಮೇಲೆ ಲೋಡ್ ಮಾಡಿ. ಅದು ನಂಬರ್ ಜೊತೆ 'ಫಿಗರ್', 'ಸೆಕ್ಷನ್' ಅನ್ನೋ ಪದವನ್ನೂ ತಾನೇ ಬರೆಯುತ್ತೆ. ನಾನು ಬಳಸಿದ್ದರೆ ಪುಟದ ಮೇಲೆ 'ಸೆಕ್ಷನ್ 4.2' ಅಂತ ಬಂದು, ಅವತ್ತೇ ಸಿಕ್ಕಿಬೀಳ್ತಿತ್ತು. ಪದವನ್ನ ಕೈಯಲ್ಲೇ ಬರೀತೀರಾದ್ರೆ ನಂಬರ್ ಮುಂಚೆ ಸ್ಪೇಸ್ ಬದಲು ಟಿಲ್ಡೆ ಹಾಕಿ, ಆ ಅಲೆ ಗೆರೆ. ಇಲ್ಲದಿದ್ರೆ 'ಫಿಗರ್' ಒಂದು ಸಾಲಿನ ಕೊನೆಗೆ, ನಂಬರ್ ಮುಂದಿನ ಸಾಲಿಗೆ ಹೋಗಬಹುದು.

ಎರಡನೇ ಪೆಟ್ಟು ಮನೆಯಲ್ಲಿ ಬಿತ್ತು.

ಥೀಸಿಸ್ ಪೂರ್ತಿ ಇಂಗ್ಲಿಷ್. ಅಪ್ಪನಿಗೆ ಇಂಗ್ಲಿಷ್ ಓದೋಕೆ ಬರಲ್ಲ. ಅವರಿಗೋಸ್ಕರ ಅರ್ಪಣೆಯ ಒಂದು ಪುಟ ಮಾತ್ರ ಕನ್ನಡದಲ್ಲಿ ಹಾಕಿದ್ದೆ. ಬೈಂಡ್ ಮಾಡಿಸಿದ ಪ್ರತಿ ಊರಿಗೆ ತಗೊಂಡು ಹೋಗಿ ಕೈಗೆ ಕೊಟ್ಟೆ. ಕನ್ನಡಕ ಹಾಕ್ಕೊಂಡು ಓದಿ, "ಹೆಸರು ಒಡೆದುಹೋಗಿದೆಯಲ್ಲೋ" ಅಂದರು. ಅವರ ಹೆಸರಲ್ಲಿ ಎರಡು ಒತ್ತಕ್ಷರ ಇವೆ. ಎರಡೂ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಂತಿದ್ದವು. ಇನ್ನೂರು ಪುಟದಲ್ಲಿ ಅವರು ಓದಬಹುದಾಗಿದ್ದದ್ದು ಅದೊಂದೇ.

ಕಾರಣ ಸಣ್ಣದು. ಜೀಲೇಟೆಕ್‌ನಲ್ಲಿ ಫಾಂಟ್‌ಸ್ಪೆಕ್ ಪ್ಯಾಕೇಜ್ ಹಾಕಿ, ನೋಟೊ ಸೆರಿಫ್ ಕನ್ನಡ ಫಾಂಟ್ ಹೆಸರು ಕೊಟ್ಟಿದ್ದೆ. 'ಸ್ಕ್ರಿಪ್ಟ್ ಈಕ್ವಲ್ಸ್ ಕನ್ನಡ' ಅನ್ನೋ ಆಯ್ಕೆ ಕೊಟ್ಟಿರಲಿಲ್ಲ. ಅದು ಇಲ್ಲದಿದ್ದರೆ ಒತ್ತು, ಅರ್ಕಾವತ್ತು ಜೋಡಿಸುವ ಫಾಂಟ್‌ನೊಳಗಿನ ನಿಯಮಗಳು ಕೆಲಸಕ್ಕೆ ಬರಲ್ಲ. ಲುವಾಲೇಟೆಕ್ ಬಳಸುವವರು ರೆಂಡರರ್ ಹಾರ್ಫ್‌ಬಝ್ ಅಂತಲೂ ಕೊಡಿ. ಪಾಲಿಗ್ಲಾಸಿಯಾದಲ್ಲಿ ಭಾಷೆ ಕನ್ನಡ ಅಂತ ಹೇಳಿದರೆ ಪದ ಒಡೆಯುವ ನಿಯಮಗಳೂ ಸಿಗುತ್ತವೆ. ನಮ್ಮ ಪದಗಳು ವಿಭಕ್ತಿ ಸೇರಿ ಉದ್ದ ಆಗುತ್ತವೆ ನೋಡಿ, ಅದಿಲ್ಲದಿದ್ರೆ ಸಾಲು ಮಾರ್ಜಿನ್ ದಾಟಿ ಆಚೆ ಹೋಗುತ್ತೆ. ಲಾಗ್‌ನಲ್ಲಿ 'ಓವರ್‌ಫುಲ್ ಎಚ್‌ಬಾಕ್ಸ್' ಅಂತ ಬರೋದು ಅದನ್ನೇ. ಎಮರ್ಜೆನ್ಸಿಸ್ಟ್ರೆಚ್‌ಗೆ 3 ಎಮ್ ಕೊಟ್ಟರೆ ಬಹಳಷ್ಟು ಸರಿಹೋಗುತ್ತೆ.

ಇದಕ್ಕೆ ಶಾರ್ಟ್‌ಕಟ್ ಪರೀಕ್ಷೆ ಒಂದಿದೆ. ಪ್ರಿಂಟ್‌ಗೆ ಮುಂಚೆ ಲಕ್ಷ್ಮಿ, ಸ್ತ್ರೀ, ಸೂರ್ಯ, ಸಾಫ್ಟ್‌ವೇರ್ ಅಂತ ನಾಲ್ಕು ಪದ ಟೈಪ್ ಮಾಡಿ, ಪಿಡಿಎಫ್ ಝೂಮ್ ಮಾಡಿ ನೋಡಿ. ನಾಲ್ಕೂ ಸರಿ ಇದ್ದರೆ ಉಳಿದದ್ದು ಬಹುತೇಕ ಸರಿ. ಸಾಧ್ಯವಾದ್ರೆ ಕನ್ನಡ ಓದುವವರೊಬ್ಬರಿಗೆ ತೋರಿಸಿ. ನನ್ನ ಲ್ಯಾಬ್‌ನಲ್ಲಿ ಆ ಪುಟ ಓದಬಲ್ಲವನು ನಾನೊಬ್ಬನೇ ಇದ್ದೆ, ನಾನೂ ಫಾರ್ಮುಲಾಗಳನ್ನೇ ನೋಡ್ತಾ ಕೂತಿದ್ದೆ.

ಅಂದಹಾಗೆ ಟೆಕ್ ಹುಟ್ಟಿದ್ದೂ ಇಂಥ ಬೇಸರದಿಂದಲೇ. 1977ರಲ್ಲಿ ಡೊನಾಲ್ಡ್ ಕ್ನೂಥ್ ತಮ್ಮ ಪುಸ್ತಕದ ಪ್ರೂಫ್ ನೋಡಿ, ಅಕ್ಷರಗಳ ಅಂದ ಕೆಟ್ಟಿದ್ದಕ್ಕೆ ತಾವೇ ಒಂದು ಸಿಸ್ಟಂ ಬರೆಯೋಕೆ ಕೂತರು. ನಾನು ಅಷ್ಟು ದೂರ ಹೋಗಲಿಲ್ಲ. ಸರಿಮಾಡಿದ ಪುಟವನ್ನ ಪ್ರಿಂಟ್ ಹಾಕಿಸಿ ಮುಂದಿನ ಸಲ ಊರಿಗೆ ಹೋದಾಗ ಒಯ್ದೆ. ಅಪ್ಪ ಹಳೇ ಪುಟ ಹರಿಯೋಕೆ ಬಿಡಲಿಲ್ಲ, ಹೊಸದನ್ನ ಅದರ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ.