ತೆರಿಗೆಯ ಮೇಲೆ ತೆರಿಗೆ
ಪೆಟ್ರೋಲು, ಡೀಸೆಲು ಜಿಎಸ್‌ಟಿಗೆ ಸೇರಿಬಿಟ್ಟರೆ ರೇಟು ತಾನಾಗೇ ಇಳಿಯುತ್ತೆ ಅಂತಾರೆ. ವೀಕ್ಷಕರೇ, ಅಷ್ಟು ಸಲೀಸಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ಮಾರಾಟ ತೆರಿಗೆಯ ಬುಟ್ಟಿಯಲ್ಲಿ ಉಳಿದದ್ದು ಮುಖ್ಯವಾಗಿ ಎರಡೇ: ಇಂಧನ, ಮದ್ಯ. ಬಿಟ್ಟುಕೊಡ್ತಾರಾ? 2021ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ಸೇರಿದ ಜಿಎಸ್‌ಟಿ ಮಂಡಳಿ, ಇದಕ್ಕಿದು ಕಾಲವಲ್ಲ ಎಂದು ಕೈತೊಳೆದುಕೊಂಡಿತು.

2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದಾಗ ಎಲ್ಲರೂ ದರದ ಬಗ್ಗೆಯೇ ಕೂಗಾಡಿದರು. ನಾನು ಕೇಳೋದು ಬೇರೆ. ಈ ಶೇಕಡಾ ಲೆಕ್ಕ ಯಾವುದರ ಮೇಲೆ? ಕೇಂದ್ರದ ಅಬಕಾರಿ ಸುಂಕವೂ ಸೇರಿದ ಬೆಲೆಯ ಮೇಲೆ! ಸುಂಕ ಏರಿ ಬೆಲೆ ಹೆಚ್ಚಿದರೆ ಬೆಂಗಳೂರಿನ ಖಜಾನೆಗೂ ಕೂತಲ್ಲೇ ಕಾಸು. ಬೈಗುಳ ಮಾತ್ರ ದೆಹಲಿಗೆ.

ಕಾರ್ಖಾನೆಯವರು ಕಚ್ಚಾಮಾಲಿಗೆ ಕಟ್ಟಿದ ಜಿಎಸ್‌ಟಿಯನ್ನು ಮುಂದಿನ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಲಾರಿ ಮಾಲೀಕರಿಗೆ ಡೀಸೆಲ್ ತೆರಿಗೆಯಲ್ಲಿ ಆ ಸೌಲಭ್ಯವಿಲ್ಲ. ಅದು ಬಾಡಿಗೆಗೆ ಸೇರಿ, ಕೋಲಾರದ ಟೊಮೆಟೊ ಜೊತೆಗೇ ನಿಮ್ಮ ಅಡುಗೆಮನೆಗೆ ಬರುತ್ತೆ.

ಜಿಎಸ್‌ಟಿ ಮಾತು ಆಮೇಲಿರಲಿ. ಮೊದಲು ರಾಜ್ಯ ಸರ್ಕಾರ ಕೇಂದ್ರದ ಸುಂಕ ಕಳೆದು, ಉಳಿದ ಬೆಲೆಗಷ್ಟೇ ತೆರಿಗೆ ಹಾಕಲಿ. ಆದಾಯ ಕಮ್ಮಿಯಾಗುತ್ತೆ, ನಿಜ. ಆ ಖೋತಾ ತುಂಬಲು ದರ ಏರಿಸಲೇಬೇಕು ಅಂದ್ರೆ, ಅದನ್ನು ವಿಧಾನಸೌಧದಲ್ಲಿ ಎದ್ದುನಿಂತು ಹೇಳಲಿ.